ನಿಂತಿದ್ದ ಗಾಡಿಯ ಮೇಲೆ ಕೇಸು

2021ರ ಮೇ 10ರಂದು ಬೆಳಗ್ಗೆ 6 ಗಂಟೆಗೆ ರಾಜ್ಯದಲ್ಲಿ ಎರಡನೇ ಅಲೆಯ ಬಿಗಿ ಲಾಕ್‌ಡೌನ್ ಶುರುವಾಯಿತು. ಬೆಳಗ್ಗೆ 6ರಿಂದ 10ರವರೆಗೆ ದಿನಸಿ, ತರಕಾರಿ, ಹಾಲು, ಮಾಂಸದ ಅಂಗಡಿ ತೆರೆದಿರುತ್ತವೆ, ಆದರೆ ಜನ ಹತ್ತಿರದ ಅಂಗಡಿಗೆ ನಡೆದೇ ಹೋಗಬೇಕು, ಗಾಡಿ ತೆಗೆಯುವಂತಿಲ್ಲ ಎಂದು ಮೊದಲು ಹೇಳಿದ್ದರು. ಎಲ್ಲ ಕಡೆಯಿಂದ ಆಕ್ಷೇಪ ಬಂದ ಮೇಲೆ, ಆಗ ಡಿಜಿಪಿ ಆಗಿದ್ದ ಪ್ರವೀಣ್ ಸೂದ್ ಅವರು, ಮನೆ ಹತ್ತಿರದ ಅಂಗಡಿಗೆ ಗಾಡಿಯಲ್ಲಿ ಹೋಗಬಹುದು ಎಂದು ಸ್ಪಷ್ಟನೆ ಕೊಟ್ಟರು. ಮೆಡಿಕಲ್ ಸ್ಟೋರ್, ಆಸ್ಪತ್ರೆಗೆ ಮೊದಲಿಂದಲೂ ವಿನಾಯಿತಿ ಇತ್ತು.

ಇಷ್ಟೆಲ್ಲ ಆದರೂ "ಹತ್ತಿರ" ಅಂದರೆ ಎಷ್ಟು ದೂರ ಅನ್ನೋದು ಮಾತ್ರ ಯಾರಿಗೂ ಗೊತ್ತಾಗಲಿಲ್ಲ.

ಬೆಂಗಳೂರಿನ ಬಡಾವಣೆಯಲ್ಲಿ ಹತ್ತಿರ ಅಂದರೆ ಮುಂದಿನ ಕ್ರಾಸ್. ನಮ್ಮ ಕಡೆ ಹಾಗಲ್ಲ. ಬೇಲೂರಿಂದ ಹಳೇಬೀಡಿಗೇ 16 ಕಿಲೋಮೀಟರ್. ಆ ರಸ್ತೆಯಿಂದ ಒಳಗೆ ಹೋದರೆ ಸಿಗುವ ಎಷ್ಟೋ ಹಳ್ಳಿಗಳಲ್ಲಿ ಇರೋದು ಒಂದು ಚಿಲ್ಲರೆ ಅಂಗಡಿ, ಒಂದು ಹಾಲಿನ ಡೇರಿ, ಅಷ್ಟೇ. ಜ್ವರದ ಮಾತ್ರೆ ಬಿಟ್ಟರೆ ಬೇರೆ ಔಷಧಿಗೆ ಹೋಬಳಿಗೆ ಹೋಗಬೇಕು, ಅಲ್ಲಿ ಸಿಗದಿದ್ದರೆ ತಾಲ್ಲೂಕಿಗೆ. ಕೊಬ್ಬರಿ ಮಾರಲು ಅರಸೀಕೆರೆಗೆ ಹೋಗಬೇಕು, ಪಂಪ್‌ಸೆಟ್ ಕೆಟ್ಟರೂ ಪೇಟೆಗೇ ಓಡಬೇಕು. ನಮಗೆ ಬೈಕು ಶೋಕಿಗೆ ಇರುವುದಲ್ಲ. ಎರಡು ಮೂರು ಮನೆಯವರು ಸೇರಿ ಒಂದೇ ಬೈಕು ಓಡಿಸುವ ಊರುಗಳೂ ಇವೆ.

ಆ ವರ್ಷ ಬಸ್ಸೂ ಇರಲಿಲ್ಲ. ಏಪ್ರಿಲ್ 7ರಿಂದ 21ರವರೆಗೆ ಸಾರಿಗೆ ನೌಕರರ ಮುಷ್ಕರ. ಬಸ್ಸು ಮತ್ತೆ ರಸ್ತೆಗೆ ಬಂತು ಅನ್ನುವಷ್ಟರಲ್ಲಿ 27ರ ರಾತ್ರಿಯಿಂದ ಕರ್ಫ್ಯೂ. ಜೂನ್ 14ರಂದು ಬೇರೆ ಜಿಲ್ಲೆಗಳಲ್ಲಿ ನಿರ್ಬಂಧ ಸಡಿಲವಾದಾಗಲೂ, ಸೋಂಕು ಹೆಚ್ಚಿದ್ದ 11 ಜಿಲ್ಲೆಗಳಲ್ಲಿ ಅದು ಮುಂದುವರಿಯಿತು. ಅದರಲ್ಲಿ ನಮ್ಮ ಹಾಸನವೂ ಒಂದು.

ಆ ದಿನಗಳಲ್ಲಿ ನಮ್ಮ ಪೇಟೆಗಳ ಬಾಗಿಲಲ್ಲಿ ಬ್ಯಾರಿಕೇಡ್ ಇರುತ್ತಿತ್ತು. ಜನ ಬೈಕನ್ನು ಊರ ಹೊರಗೆ ಮರದ ಕೆಳಗೋ, ನೆಂಟರ ಹಿತ್ತಲಲ್ಲೋ ನಿಲ್ಲಿಸಿ, ಚೀಲ ಹಿಡಿದು ನಡೆದು ಬರುತ್ತಿದ್ದರು. ಅಂಗಡಿ ಮುಂದೆ ನಿಲ್ಲಿಸಿದರೆ ಎತ್ತಿಕೊಂಡು ಹೋಗುತ್ತಾರೆ ಅನ್ನೋ ಭಯ. ಸಂತೆ ದಿನ ನಿಲ್ಲಿಸಲು ಜಾಗ ಸಿಗದ ಬೀದಿಗಳೆಲ್ಲ ಖಾಲಿ. ಕೇಂದ್ರ ಪುರಾತತ್ವ ಇಲಾಖೆ ಏಪ್ರಿಲ್ 16ರಿಂದಲೇ ಸ್ಮಾರಕಗಳನ್ನು ಮುಚ್ಚಿದ್ದರಿಂದ ಹಳೇಬೀಡಿನ ಹೊಯ್ಸಳೇಶ್ವರನ ಮುಂದೆ ಒಂದು ಟೂರಿಸ್ಟ್ ಕಾರೂ ಇರಲಿಲ್ಲ. ಗಾಡಿಗಳು ತುಂಬಿದ್ದು ಠಾಣೆಗಳ ಕಾಂಪೌಂಡಿನಲ್ಲಿ.

ನಾನು ಸ್ಟ್ರಿಂಗರ್. ಸಂಜೆ ಎಷ್ಟು ವಾಹನ ಜಪ್ತಿ, ಎಷ್ಟು ದಂಡ ಎಂಬ ಲೆಕ್ಕ ವಾಟ್ಸಾಪಿಗೆ ಬರುತ್ತಿತ್ತು. ಅದು ಒಂದು ಕಾಲಂ ಸುದ್ದಿ. ಆ ಲೆಕ್ಕದೊಳಗೆ ಇದ್ದ ಒಂದು ಬೈಕಿನ ಕಥೆ ಇಲ್ಲಿ ಹೇಳುತ್ತೇನೆ. ಪೇಟೆಯ ಹೆಸರು, ಠಾಣೆಯ ಹೆಸರು ಬೇಡ.

ಒಂದು ಬೆಳಗ್ಗೆ 9 ಗಂಟೆ ಹೊತ್ತಿಗೆ ಮೆಡಿಕಲ್ ಮುಂದೆ ನಾಲ್ಕು ಬೈಕು ನಿಂತಿದ್ದವು. ಒಂದು ನನ್ನದು, ಮುಂದೆ ಪ್ರೆಸ್ ಸ್ಟಿಕ್ಕರ್ ಇತ್ತು. ಜೀಪು ಬಂತು. ಮೂರು ಬೈಕು ಹೋದವು, ನನ್ನದು ಉಳಿಯಿತು. ಪತ್ರಕರ್ತರಿಗೆ ವಿನಾಯಿತಿ ಇತ್ತು, ಸರಿ. ಆದರೆ ಔಷಧಿ ತರಲು ಬಂದವರಿಗೂ ಇತ್ತಲ್ಲ. ಅವರ ಗಾಡಿ ಮೇಲೆ ಸ್ಟಿಕ್ಕರ್ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಒಳಗಿಂದ ಬಂದ ಯಜಮಾನರೊಬ್ಬರ ಕೈಯಲ್ಲಿ ಸ್ಟೀಲ್ ಟಿಫಿನ್ ಡಬ್ಬಿ. ಅದರೊಳಗೆ ಐಸು, ಐಸಿನ ಮಧ್ಯೆ ಹೆಂಡತಿಗೆ ಇನ್ಸುಲಿನ್. ಹೋಬಳಿಯ ಮೆಡಿಕಲ್‌ನಲ್ಲಿ ಸ್ಟಾಕ್ ಮುಗಿದಿತ್ತಂತೆ. 13 ಕಿಲೋಮೀಟರ್ ದೂರದಿಂದ ಬಂದಿದ್ದರು. ಡಾಕ್ಟರ್ ಚೀಟಿ ಜೇಬಲ್ಲೇ ಇತ್ತು. ಗಾಡಿ ನಿಲ್ಲಿಸಿದ್ದ ಜಾಗ ನೋಡಿದರು, ನನ್ನ ನೋಡಿದರು.

"ನಿಂತಿದ್ ಗಾಡಿ ಕಣಪ್ಪ, ಓಡ್ತಿರ್ಲಿಲ್ಲ."

ಠಾಣೆಗೆ ಹೋದೆವು. ಚೀಟಿ ತೋರಿಸಿದೆವು. ಅಲ್ಲಿದ್ದ ಪೇದೆ ಒರಟಾಗಿ ಏನೂ ಮಾತಾಡಲಿಲ್ಲ. "ಎಂಟ್ರಿ ಆಗೋಗಿದೆ ಸಾರ್, ನಮ್ ಕೈಲಿಲ್ಲ. ಮೇಲಿಂದ ದಿನಾ ಲೆಕ್ಕ ಕೇಳ್ತಾರೆ" ಅಂದರು. ಆರ್‌ಸಿ ಇರುವವರೇ ಬಂದು ಬಿಡಿಸಿಕೊಳ್ಳಬೇಕು ಅಂದರು. ಆರ್‌ಸಿ ಇದ್ದದ್ದು ಯಜಮಾನರ ಅಳಿಯನ ಹೆಸರಲ್ಲಿ. ಅಳಿಯ ಇದ್ದದ್ದು ಬೆಂಗಳೂರಲ್ಲಿ. ಬೆಂಗಳೂರಿಂದ ಬರಲು ಬಸ್ಸಿಲ್ಲ.

ಯಜಮಾನರನ್ನು ನನ್ನ ಬೈಕಲ್ಲಿ ಊರಿಗೆ ಬಿಟ್ಟೆ. ಡಬ್ಬಿಯಲ್ಲಿ ಐಸು ನೀರಾಗಿತ್ತು, ಔಷಧಿ ಇನ್ನೂ ತಣ್ಣಗಿತ್ತು. ಅವರ ಬೈಕು ಮನೆಗೆ ಬಂದದ್ದು ಜೂನ್ ಕೊನೆಯಲ್ಲಿ, ಬಸ್ಸು ಶುರುವಾಗಿ ಅಳಿಯ ಬಂದ ಮೇಲೆ. ದಂಡ ದೊಡ್ಡದಲ್ಲ. ಬ್ಯಾಟರಿ ಸತ್ತಿತ್ತು, ಮಳೆಗೆ ಚೈನು ತುಕ್ಕು ಹಿಡಿದಿತ್ತು. ಅಷ್ಟು ದಿನ ಮುಂದಿನ ಇನ್ಸುಲಿನ್‌ಗೆ ಯಾರ ಮನೆ ಬಾಗಿಲಿಗೆ ಹೋಗೋದು ಅನ್ನೋದೇ ಆ ಮನೆಯ ಚಿಂತೆ.

ಪೊಲೀಸರ ಕಷ್ಟವೂ ಸುಳ್ಳಲ್ಲ. ಬಿಸಿಲಲ್ಲಿ ದಿನವಿಡೀ ನಿಂತವರು ಅವರು, ಸೋಂಕು ತಗುಲಿ ಜೀವ ಬಿಟ್ಟವರೂ ಅವರಲ್ಲಿದ್ದಾರೆ. ಸುಮ್ಮನೆ ಊರು ಸುತ್ತಲು ಬಂದ ಹುಡುಗರೂ ಇದ್ದರು. ಆದರೆ ಓಡುವ ಗಾಡಿ ನಿಲ್ಲಿಸಿ ಎಲ್ಲಿಗೆ ಅಂತ ಕೇಳಿದರೆ ಉತ್ತರ ಹೇಳಲು ಒಬ್ಬ ಮನುಷ್ಯ ಇರುತ್ತಾನೆ. ನಿಂತ ಗಾಡಿಯನ್ನು ಎತ್ತಿದರೆ ಕೇಳಿಸಿಕೊಳ್ಳುವ ಪ್ರಶ್ನೆಯೇ ಇಲ್ಲ.

ಬೇರೆ ದೇಶಗಳಲ್ಲಿ ಇದೇ ಪಾರ್ಕಿಂಗ್ ವಿಷಯ ಉಲ್ಟಾ ನಡೆಯಿತು. 2020ರ ಮಾರ್ಚ್‌ನಲ್ಲಿ ಅಮೆರಿಕದ ಲಾಸ್ ಏಂಜಲೀಸ್ ನಗರ ಕೆಲವು ಪಾರ್ಕಿಂಗ್ ದಂಡಗಳನ್ನು ನಿಲ್ಲಿಸಿತು. ಜನರಿಗೆ ಮನೆಯಲ್ಲೇ ಇರಿ ಅಂದ ಮೇಲೆ ಅವರ ಕಾರು ರಸ್ತೆ ಬದಿಯಲ್ಲೇ ನಿಂತಿರುತ್ತದೆ ತಾನೇ? ಇಂಗ್ಲೆಂಡ್‌ನಲ್ಲಿ ಆಸ್ಪತ್ರೆ ಸಿಬ್ಬಂದಿಗೆ ಸ್ಥಳೀಯ ಸಂಸ್ಥೆಗಳ ಪಾರ್ಕಿಂಗ್ ಉಚಿತ ಮಾಡಿದರು. ಅಲ್ಲಿ ನಿಂತ ಗಾಡಿ ಅಂದರೆ ನಿಯಮ ಪಾಲಿಸಿದ ಗುರುತು. ನಮ್ಮಲ್ಲಿ ನಿಂತ ಗಾಡಿ ಅಂದರೆ ಯಾರೋ ಮನೆ ಬಿಟ್ಟು ಬಂದಿದ್ದಾರೆ ಅನ್ನುವುದಕ್ಕೆ ಸಾಕ್ಷಿ.

ಕಾನೂನು ಏನು ಹೇಳುತ್ತೆ ಅನ್ನೋದೂ ಗೊತ್ತಿರಲಿ. ಮೋಟಾರು ವಾಹನ ಕಾಯ್ದೆಯ 127ನೇ ಕಲಂ ಪ್ರಕಾರ, 10 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಬಿಟ್ಟುಹೋದ ಗಾಡಿಯನ್ನು, ಇಲ್ಲವೇ ನೋ ಪಾರ್ಕಿಂಗ್ ಜಾಗದಲ್ಲಿ ನಿಲ್ಲಿಸಿದ ಗಾಡಿಯನ್ನು ಪೊಲೀಸರು ಎತ್ತಿಸಬಹುದು. 207ನೇ ಕಲಂ ನೋಂದಣಿ, ಲೈಸೆನ್ಸ್, ಪರ್ಮಿಟ್ ಇಲ್ಲದೆ ಓಡಿಸುವ ಗಾಡಿಗೆ. ಲಾಕ್‌ಡೌನ್ ಮುರಿದವರ ಮೇಲೆ 2005ರ ವಿಪತ್ತು ನಿರ್ವಹಣಾ ಕಾಯ್ದೆ ಮತ್ತು ಆಗಿನ ಐಪಿಸಿ 188ರ ಪ್ರಕಾರ ಕೇಸು ಹಾಕುತ್ತಿದ್ದರು. ಆ ಎರಡೂ ಶಿಕ್ಷೆ ಹೇಳುವುದು ನಿಯಮ ಮುರಿದ ಮನುಷ್ಯನಿಗೆ.

2020ರ ಮೊದಲ ಲಾಕ್‌ಡೌನಿನಲ್ಲೂ ಹೀಗೇ ಸಾವಿರಾರು ಗಾಡಿ ಠಾಣೆ ಸೇರಿದ್ದವು. ಆ ಏಪ್ರಿಲ್ ಕೊನೆಯಲ್ಲಿ ಹೈಕೋರ್ಟ್ ಅನುಮತಿ ಕೊಟ್ಟ ಮೇಲೆ ಬೈಕಿಗೆ 500 ರೂಪಾಯಿ, ಕಾರಿಗೆ 1000 ರೂಪಾಯಿ ಕಟ್ಟಿಸಿಕೊಂಡು ಬಿಟ್ಟರು. ಅದಕ್ಕೂ ಬಹಳ ಮೊದಲೇ, 2002ರಲ್ಲಿ, ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು: ಹಿಡಿದ ಗಾಡಿಯನ್ನು ಠಾಣೆಯಲ್ಲಿ ದಿನಗಟ್ಟಲೆ ನಿಲ್ಲಿಸಿಕೊಂಡರೆ ಪ್ರಯೋಜನವಿಲ್ಲ, ಬಾಂಡ್ ಬರೆಸಿಕೊಂಡು ಬೇಗ ಬಿಡಬೇಕು. ಈಗ ಜಾರಿಯಲ್ಲಿರುವ ಬಿಎನ್‌ಎಸ್‌ಎಸ್ ಕಾನೂನಿನ 497 ಮತ್ತು 503ನೇ ಕಲಂಗಳಡಿ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕಿ ಗಾಡಿ ಬಿಡಿಸಿಕೊಳ್ಳಬಹುದು.

ಲಾಕ್‌ಡೌನ್ ಇಲ್ಲದಾಗಲೂ ಇದು ಉಪಯೋಗಕ್ಕೆ ಬರುತ್ತದೆ. ಗಾಡಿ ಹಿಡಿದರೆ ಯಾವ ಕಲಂ ಎಂದು ವಿನಯದಿಂದಲೇ ಕೇಳಿ. ರಸೀದಿ ಅಥವಾ ಜಪ್ತಿ ಪಟ್ಟಿಯ ಪ್ರತಿ ಕೇಳಿ. ಕೊಡದಿದ್ದರೆ ದಿನ, ಸಮಯ, ಜಾಗ ಬರೆದಿಟ್ಟುಕೊಳ್ಳಿ. ಆರ್‌ಸಿ ಬೇರೆಯವರ ಹೆಸರಲ್ಲಿದ್ದರೆ ಬೇಗ ವರ್ಗಾವಣೆ ಮಾಡಿಸಿ. ಅಪ್ಪನದೋ ಅಳಿಯನದೋ ಗಾಡಿ ಓಡಿಸುವ ಮನೆ ನಮ್ಮಲ್ಲಿ ಬಹಳ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ.

ಸರ್ಕಾರಕ್ಕೂ ಒಂದು ಮಾತು. ಇನ್ನೊಂದು ಸಾಂಕ್ರಾಮಿಕ ಬರದಿರಲಿ. ಬಂದರೆ, ಗಾಡಿ ನಿಲ್ಲಿಸಿ ಎಂದು ಆದೇಶ ಬರೆಯುವ ಮುಂಚೆ, ಯಾವ ಊರಿಗೆ ಮೆಡಿಕಲ್ ಎಷ್ಟು ದೂರ ಅನ್ನುವ ಪಟ್ಟಿಯನ್ನು ಪಂಚಾಯಿತಿಯಿಂದ ತರಿಸಿಕೊಳ್ಳಲಿ. ಅಷ್ಟು ದೂರ ಮಾತ್ರೆಯೇ ಊರಿಗೆ ಬರುವಂತೆ ಮಾಡಿದರೆ, ಬೈಕು ತಾನಾಗೇ ಹಟ್ಟಿ ಮುಂದೆ ನಿಂತಿರುತ್ತದೆ.