ಸಹಾಯಾರ್ಥ

ಬ್ಯಾಡಗಿಯ ಪೇಟೆಯಲ್ಲಿ ನಾಟಕ ಕಂಪನಿಯ ಡೇರೆ ಬಿದ್ದಾಗ ಒಂದಾದರೂ ಆಟವು ಯಾವುದೋ ಶಾಲೆಯ ಕಟ್ಟಡಕ್ಕೋ ಗುಡಿಯ ಜೀರ್ಣೋದ್ಧಾರಕ್ಕೋ ‘ಸಹಾಯಾರ್ಥ’ವಾಗಿ ನಡೆಯುತ್ತಿದ್ದುದನ್ನು ನಮ್ಮ ವಯಸ್ಸಿನ ವಾಚಕರು ಬಲ್ಲರು. ಅಂದು ಮೆಣಸಿನಕಾಯಿ ದಲಾಲರು ಮುಂದಿನ ಸಾಲಿನ ಟಿಕೀಟಿಗೆ ಇಮ್ಮಡಿ ಹಣ ಕೊಡುತ್ತಿದ್ದರು. ಕೊಟ್ಟದ್ದು ಊರಿಗೆಲ್ಲ ತಿಳಿಯಲೆಂದು ಧ್ವನಿವರ್ಧಕದಲ್ಲಿ ಹೆಸರು ಕೂಗಿಸಿಕೊಳ್ಳುವುದೂ ಉಂಟು. ರಾಣೇಬೆನ್ನೂರಿನಲ್ಲಿಯೂ ಇದೇ ಪರಿಪಾಠ. ಈ ಪರಿಪಾಠಕ್ಕೆ ಘನತೆ ತಂದವರು ಗದುಗಿನ ವೀರೇಶ್ವರ ಪುಣ್ಯಾಶ್ರಮದ ಗವಾಯಿಗಳು. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದ ಪಂಚಾಕ್ಷರ ಗವಾಯಿಗಳಿಗೆ ಆಶ್ರಯವಿತ್ತು ಬೆಳೆಸಿದವರು ಹಾನಗಲ್ಲ ಕುಮಾರ ಸ್ವಾಮಿಗಳು. ಆ ಪೂಜ್ಯರ ಜನ್ಮಸ್ಥಳ ನಮ್ಮ ರಾಣೇಬೆನ್ನೂರು ತಾಲೂಕಿನ ಜೋಯಿಸರಹರಳಹಳ್ಳಿ. ಅಂಧ ಮಕ್ಕಳಿಗೆ ಸಂಗೀತ ಕಲಿಸಬೇಕು, ಅವರಿಗೆ ಉಣಬಡಿಸಲೂ ಬೇಕು. ಅದಕ್ಕೆಂದೇ ನಾಟಕ ಕಂಪನಿ ಹುಟ್ಟಿತು. 1944ರಲ್ಲಿ ಗುರುಗಳು ಲಿಂಗೈಕ್ಯರಾದ ಮೇಲೆ, ಸ್ವತಃ ಕಣ್ಣಿಲ್ಲದ ಪುಟ್ಟರಾಜ ಗವಾಯಿಗಳು ನಾಟಕ ಬರೆದು, ಆಡಿಸಿ, ಬಂದ ಹಣದಿಂದ ಆ ಮಕ್ಕಳ ಪಂಕ್ತಿ ನಿಲ್ಲದಂತೆ ನಡೆಸಿದರು.

ಇಷ್ಟು ಪೀಠಿಕೆಗೆ ಕಾರಣವುಂಟು. 2025ರ ಜುಲೈ ತಿಂಗಳಿನಲ್ಲಿ ಬ್ಯಾಡಗಿಯಿಂದ ಬಂದ ಮೊಮ್ಮಗನು, ಹಾವೇರಿಯ ನಮ್ಮ ಮನೆಯ ಪಡಸಾಲೆಯ ಟಿ.ವಿ.ಯಲ್ಲಿ ‘ಲೈವ್ ಏಡ್’ ಎಂಬ ಸಂಗೀತೋತ್ಸವದ ಮುದ್ರಿಕೆಗಳನ್ನು ಮೂರು ಸಂಜೆ ತೋರಿಸಿದನು. ಅದಕ್ಕೆ ಆಗ ನಲವತ್ತು ವರ್ಷ ತುಂಬಿತ್ತು. ಅದು ನಡೆದಾಗ ನಾವು ಮಠದ ವಿದ್ಯಾರ್ಥಿಗಳು, ಅಲ್ಲಿ ಟಿ.ವಿ. ಇರಲಿಲ್ಲ, ಇದ್ದರೂ ನೋಡಗೊಡುತ್ತಿರಲಿಲ್ಲ. ರಾಕ್ ಸಂಗೀತವು ನಮ್ಮ ಕಿವಿಗೆ ಇಂದಿಗೂ ಒಗ್ಗಿಲ್ಲವೆಂಬುದನ್ನು ಮೊದಲೇ ಹೇಳಿಬಿಡುವುದು ಲೇಸು.

1984ರ ಅಕ್ಟೋಬರಿನಲ್ಲಿ ಇಥಿಯೋಪಿಯದ ಕೋರೆಮ್ ಎಂಬಲ್ಲಿ ಹಸಿವಿನಿಂದ ಸಾಯುತ್ತಿದ್ದವರನ್ನು ಬಿಬಿಸಿ ವಾರ್ತೆ ತೋರಿಸಿತು. ವರದಿ ಮೈಕೆಲ್ ಬರ್ಕ್ ಅವರದು, ಚಿತ್ರಗಳು ಕೆನ್ಯಾದ ಮೊಹಮ್ಮದ್ ಅಮೀನ್ ಅವರವು. ಐರ್ಲೆಂಡಿನ ಗಾಯಕ ಬಾಬ್ ಗೆಲ್ಡಾಫ್ ಅದನ್ನು ತಮ್ಮ ಮನೆಯಲ್ಲಿ ಕುಳಿತು ನೋಡಿದರು, ನೋಡಿ ಸುಮ್ಮನಾಗಲಿಲ್ಲ. 1985ರ ಜುಲೈ 13ರ ಶನಿವಾರ ಲಂಡನ್ನಿನ ವೆಂಬ್ಲಿ ಬಯಲಿನಲ್ಲಿಯೂ ಅಮೆರಿಕದ ಫಿಲಡೆಲ್ಫಿಯಾದಲ್ಲಿಯೂ ಒಂದೇ ಉತ್ಸವ, ಸುಮಾರು ಹದಿನಾರು ಗಂಟೆಗಳ ಕಾಲ. ವೆಂಬ್ಲಿಯೊಂದರಲ್ಲಿಯೇ ನೆರೆದವರು ಸುಮಾರು 72 ಸಾವಿರ. ಉಪಗ್ರಹಗಳ ಮೂಲಕ ಜಗತ್ತಿನ ಅಸಂಖ್ಯ ಮನೆಗಳಲ್ಲಿ ಅದು ಕಾಣಿಸಿತು. ಮನೆಯಲ್ಲಿ ಕುಳಿತವನು ದೂರವಾಣಿಯಲ್ಲಿ ಕಾಣಿಕೆ ಹೇಳಬಹುದಾಗಿತ್ತು.

ಮೊಮ್ಮಗನಿಗೆ ಫ್ರೆಡ್ಡಿ ಮರ್ಕ್ಯುರಿಯ ಇಪ್ಪತ್ತೊಂದು ನಿಮಿಷಗಳೇ ಸರ್ವಸ್ವ. ಆತನ ಮೂಲ ಹೆಸರು ಫರೋಖ್ ಬುಲ್ಸಾರಾ, ಪಾರಸಿ ಮನೆತನ, ಓದಿದ್ದು ನಮ್ಮ ನೆರೆಯ ಮಹಾರಾಷ್ಟ್ರದ ಪಂಚಗಣಿಯಲ್ಲಿ ಎಂದು ಹುಡುಗನೇ ತಿಳಿಸಿದನು. ಆತನ ಹಾಡಿಗೆ ಅಷ್ಟು ಸಾವಿರ ಕೈಗಳು ಒಮ್ಮೆಲೆ ಮೇಲೆದ್ದು ಚಪ್ಪಾಳೆಯಿಟ್ಟಾಗ ತೇರಿನ ಹಗ್ಗ ಹಿಡಿದವರ ನೆನಪಾಯಿತು.

ನಮ್ಮನ್ನು ಹಿಡಿದು ನಿಲ್ಲಿಸಿದ್ದು ಮತ್ತೊಂದು. ಡೇವಿಡ್ ಬೋವಿ ಎಂಬ ಗಾಯಕನು ತನ್ನ ಪಾಲಿನ ಒಂದು ಹಾಡನ್ನೇ ಬಿಟ್ಟುಕೊಟ್ಟು, ಆ ಹೊತ್ತಿನಲ್ಲಿ ಕ್ಷಾಮಪೀಡಿತ ಮಕ್ಕಳ ಚಿತ್ರವನ್ನು ತೋರಿಸಲು ಅನುವು ಮಾಡಿದನು. ಕೆನಡಾದ ತಂಡ ತೆಗೆದ ದೃಶ್ಯಗಳು ಅವು. ಎದ್ದು ನಿಲ್ಲಲಾರದೆ ಕುಸಿಯುವ ಕೂಸೊಂದು ಅದರಲ್ಲಿದೆ. ಆ ಬಳಿಕ ಕಾಣಿಕೆಯ ಹರಿವು ಹೆಚ್ಚಿತೆನ್ನುವರು. ಹಾಡುಗಾರನಿಗೆ ಅಷ್ಟು ದೊಡ್ಡ ಸಭೆಯಲ್ಲಿ ಹಾಡು ಬಿಡುವುದೆಂದರೆ ಏನೆಂಬುದನ್ನು ಸಂಗೀತಗಾರರ ಒಡನಾಟವಿದ್ದ ನಾವು ಬಲ್ಲೆವು. ಹಣ ಕೊಡುವುದು ಅದಕ್ಕಿಂತ ಸುಲಭ.

ನಮ್ಮ ಮನೆಯವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳಿದರು: “ಆ ಮಕ್ಕಳಿಗೆ ಅನ್ನ ಮುಟ್ಟಿತೇ?”

ಹುಡುಗನ ಬಳಿ ಉತ್ತರವಿರಲಿಲ್ಲ. ನಾವು ಓದಿ ತಿಳಿದುದನ್ನು ಹೇಳಿದೆವು. ಧಾನ್ಯ ಬಂದರಿಗೆ ಬಂದರೂ ಒಳನಾಡಿಗೆ ಒಯ್ಯಲು ಸಾಕಷ್ಟು ಲಾರಿಗಳಿರಲಿಲ್ಲ. ಕೂಡಿದ ಹಣದಲ್ಲಿ ಲಾರಿಗಳನ್ನೇ ಕೊಳ್ಳಬೇಕಾಯಿತು. ಅಲ್ಲಿ ಅಂತರ್ಯುದ್ಧವೂ ನಡೆದಿತ್ತು. ಬಂಡುಕೋರರ ಸೀಮೆಗೆ ಅನ್ನ ಹೋಗದಂತೆ ಆಳುವವರೇ ತಡೆಯುತ್ತಿದ್ದರು. ಮಳೆಯೊಂದೇ ಮುನಿದು ತಂದ ಬರವಲ್ಲ ಅದು. ಬಹಳಷ್ಟು ಮುಟ್ಟಿತು, ಎಲ್ಲವೂ ಮುಟ್ಟಲಿಲ್ಲ. ನಮಗೆ ಕಸಿವಿಸಿಯೆನಿಸಿದ್ದು ಇದು: ಪುಣ್ಯಾಶ್ರಮದಲ್ಲಿ ಹಾಡುವವರೂ ಉಣ್ಣುವವರೂ ಒಂದೇ ಪಂಕ್ತಿಯವರು, ವೆಂಬ್ಲಿಯಲ್ಲಿ ಹಸಿದವರು ಪರದೆಯ ಮೇಲೆ ಮಾತ್ರ, ವೇದಿಕೆಯ ಮೇಲಲ್ಲ. ಹಾಗೆಂದು ಅಷ್ಟು ದೂರದವರ ಪಂಕ್ತಿಯಲ್ಲಿ ಕೂಡುವುದು ಎಂತು? ಹುಡುಗನು ಈ ಪ್ರಶ್ನೆ ಹಾಕಿದಾಗ ನಾವು ಸುಮ್ಮನಾದೆವು.

ಆ ಚಿತ್ರದಲ್ಲಿ, ಇನ್ನು ಕೆಲವೇ ಗಳಿಗೆಯೆಂದು ಎಲ್ಲರೂ ಕೈಬಿಟ್ಟಿದ್ದ ಹೆಣ್ಣುಮಗುವಿನ ಮುಖವೊಂದಿತ್ತು. ಹೆಸರು ಬಿರ್ಹಾನ್ ವೋಲ್ಡು. ಉತ್ಸವಕ್ಕೆ ಮುಂಚೆಯೇ, ಅಲ್ಲಿನ ದಾದಿಯರ ಆರೈಕೆಯಿಂದ ಆಕೆ ಬದುಕುಳಿದಿದ್ದಳು. 2005ರ ಜುಲೈ 2ರಂದು ಲಂಡನ್ನಿನ ಹೈಡ್ ಪಾರ್ಕಿನಲ್ಲಿ ‘ಲೈವ್ 8’ ನಡೆದಾಗ ಗೆಲ್ಡಾಫ್ ಆಕೆಯನ್ನು ವೇದಿಕೆಗೆ ಕರೆತಂದರು. ಆ ಹೊತ್ತಿಗೆ ಆಕೆ ತನ್ನ ನಾಡಿನಲ್ಲಿ ಕೃಷಿಶಾಸ್ತ್ರದ ಪರೀಕ್ಷೆ ಬರೆದು ಬಂದಿದ್ದಳು.