ಆಪ್ತವಾಕ್ಯವೂ ಅಂಗೈಯ ಪತ್ರಿಕೆಯೂ

ನ್ಯಾಯಶಾಸ್ತ್ರದಲ್ಲಿ ಪ್ರತ್ಯಕ್ಷ, ಅನುಮಾನ, ಉಪಮಾನಗಳ ತರುವಾಯ ಶಬ್ದವೆಂಬ ನಾಲ್ಕನೆಯ ಪ್ರಮಾಣವನ್ನು ಹೇಳಿದೆ. ಆಪ್ತನ ಮಾತೇ ಶಬ್ದಪ್ರಮಾಣವು. ಶಾಸ್ತ್ರಕಾರರ ಆಪ್ತನೆಂದರೆ ಸಂಗತಿಯನ್ನು ತಾನು ಚೆನ್ನಾಗಿ ಬಲ್ಲವನು, ಬಲ್ಲದ್ದನ್ನು ಇದ್ದಂತೆಯೇ ಹೇಳುವವನು. ನಮ್ಮ ಮನೆಮಾತಿನಲ್ಲಾದರೋ ಆಪ್ತನೆಂದರೆ ಬಂಧು, ಗೆಳೆಯ, ಬೇಕಾದವನು. ಈ ಭೇದವನ್ನು ಬಹುವರ್ಷ ಮಕ್ಕಳಿಗೆ ಹೇಳಿಕೊಟ್ಟ ನಾವೇ ಒಂದು ರಾತ್ರಿ ಅದನ್ನು ಮರೆತೆವು. ಆ ಸಂಗತಿಯನ್ನು ವಾಚಕರ ಮುಂದಿಡಬೇಕೆಂದು ಬಹುದಿನದಿಂದ ಮನಸ್ಸಿನಲ್ಲಿತ್ತು. ನಾಚಿಕೆಯು ಅಡ್ಡ ಬರುತ್ತಿತ್ತು.

1843ರಲ್ಲಿ ಮೋಗ್ಲಿಂಗರು ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದಂದಿನಿಂದ ಬರೆಯುವವನಿಗೂ ಓದುವವನಿಗೂ ನಡುವೆ ಕೆಲವರು ನಿಂತಿರುತ್ತಿದ್ದರು. ನಮ್ಮ ಗೋಕಾಕ ತಾಲೂಕಿನ ಬೆಟಗೇರಿಯಲ್ಲಿ ಹುಟ್ಟಿದ ಕೃಷ್ಣಶರ್ಮರು ‘ಜಯಂತಿ’ ಮಾಸಪತ್ರಿಕೆಯನ್ನು ನಡೆಯಿಸಿದ ಕಾಲದಲ್ಲಿ ಲೇಖನವು ಸಂಪಾದಕನ ಕಣ್ಣು, ಮೊಳೆ ಜೋಡಿಸುವವನ ಬೆರಳು, ಕರಡು ತಿದ್ದುವವನ ಮಸಿ, ಇವೆಲ್ಲವನ್ನೂ ದಾಟಿಯೇ ಓದುಗನ ಮನೆಗೆ ಬರಬೇಕಾಗಿತ್ತು. ದೊಡ್ಡ ಪತ್ರಿಕೆಗಳ ಮಾತೇಕೆ? ನಮ್ಮ ಮನೆಯ ಒಂದು ಲಗ್ನಪತ್ರಿಕೆಯನ್ನು ಊರ ಅಚ್ಚುಕೂಟಕ್ಕೆ ಕೊಟ್ಟು ಬಂದಾಗ ಮೊಳೆ ಜೋಡಿಸುವ ಮುದುಕನು ಸಂಜೆಗೆ ಮನೆಯ ಬಾಗಿಲಿಗೆ ಬಂದು ನಿಂತನು. “ಮಾಸ್ತರ, ನೀವು ಬರದ ತಾರೀಖಿಗೆ ಗುರುವಾರ ಬರೂದಿಲ್ಲ, ಶುಕ್ರವಾರ ಬರತೈತಿ” ಎಂದನು. ಪಂಚಾಂಗ ನೋಡಿದರೆ ಅವನ ಮಾತೇ ಸರಿ. ಅವನು ಕಲಿತದ್ದು ನಾಲ್ಕನೆಯ ಇಯತ್ತೆ.

ಹೊಸ ಯಂತ್ರದ ಉಪಕಾರವನ್ನು ನಾವು ಅಲ್ಲಗಳೆಯುವವರಲ್ಲ. ಮುಂಬಯಿಯ ನಿರ್ಣಯಸಾಗರ ಮುದ್ರಣಾಲಯದ ಹಳೆಯ ಸಂಸ್ಕೃತ ಪುಸ್ತಕಗಳನ್ನು ಕಾಣಲು ಒಂದು ಕಾಲಕ್ಕೆ ಊರೂರು ತಿರುಗಿದ ನಾವು ಈಗ ಜಗಲಿಯ ಮೇಲೆ ಕುಳಿತು ಮೊಬೈಲಿನಲ್ಲಿ ಪುಕ್ಕಟೆಯಾಗಿ ಓದುತ್ತೇವೆ. ಗೋಕಾಕದ ಕರದಂಟು ಪೇಟೆಯ ಗಿರಾಕಿಗಾಗಿ ಕಾಯದೆ, ಮೊಬೈಲಿನಲ್ಲಿ ಬಂದ ಬೇಡಿಕೆಯ ಮೇರೆಗೆ ದೂರದೂರುಗಳಿಗೆ ಪಾರ್ಸಲ್ಲಾಗಿ ಹೋಗುತ್ತದೆ. ಆದರೆ ಕರದಂಟಿನ ಸುಳ್ಳು ತಿಂದೊಡನೆ ನಾಲಗೆಗೆ ತಿಳಿಯುತ್ತದೆ. ವರ್ತಮಾನದ ಸುಳ್ಳು ಹಾಗಲ್ಲ.

2019ರ ಆಗಸ್ಟ್ ತಿಂಗಳು. ಘಟಪ್ರಭೆಗೆ ಮಹಾಪೂರ ಬಂದಿತ್ತು. ಲೋಳಸೂರ ಸೇತುವೆ ಮುಳುಗಿತು, ಗೋಕಾಕದ ಓಣಿಗಳಲ್ಲಿ ನೀರು ನಿಂತಿತು. ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯವು 51 ಟಿಎಂಸಿ ನೀರು ಹಿಡಿಯುವಂಥದು. ಅದರ ಕೆಳಗೆ ನಾವು, ನಮ್ಮಿಂದ ಕೆಳಗೆ ಮೂಡಲಗಿಯ ಕಡೆಯ ಹಳ್ಳಿಗಳು. ಹೀಗಿರಲಾಗಿ ಒಂದು ರಾತ್ರಿ ಹುಕ್ಕೇರಿಯಲ್ಲಿದ್ದ ಸೋದರಳಿಯನಿಂದ ನಮ್ಮ ವಾಟ್ಸಪ್ಪಿಗೆ ಒಂದು ಚಿತ್ರವೂ ಎರಡು ಸಾಲೂ ಬಂದವು. ಆಣೆಕಟ್ಟು ಒಡೆಯಿತು, ಹೊಳೆದಂಡೆಯವರು ಈ ಕ್ಷಣವೇ ಓಡಬೇಕು ಎಂಬದು ಅದರ ತಾತ್ಪರ್ಯ. ಕಳಿಸಿದವನು ನಮ್ಮ ಹುಡುಗ, ಅಲ್ಲಿಯೇ ಇರುವವನು, ಸಂಶಯವೇಕೆ? ಒಂದು ಸಲಕ್ಕೆ ಐವರಿಗಿಂತ ಹೆಚ್ಚು ಜನರಿಗೆ ದಾಟಿಸಬಾರದೆಂಬ ಕಟ್ಟು ಆ ಯಂತ್ರಕ್ಕೆ ನಮ್ಮ ದೇಶದಲ್ಲಿ 2018ರಲ್ಲಿಯೇ ಬಿದ್ದಿತ್ತು. ನಾವು ಸರಿಯಾಗಿ ಐದು ಮನೆಗಳಿಗೆ ಕಳಿಸಿದೆವು. ನಾಲ್ಕನೆಯದು ಮೂಡಲಗಿ ಕಡೆಯ ಹಳ್ಳಿಯಲ್ಲಿರುವ ನಮ್ಮ ಅಕ್ಕನದು.

ಅಕ್ಕನ ಮನೆ ಎತ್ತರದ ದಿಬ್ಬದ ಮೇಲಿದೆ. ಹೊಳೆಯ ನೀರು ಅಲ್ಲಿಗೆ ಏರಿರಲಿಲ್ಲ. ಅವಳು ಮೊಮ್ಮಗಳನ್ನು ಕರೆದುಕೊಂಡು, ಆಕಳ ಹಗ್ಗ ಹಿಡಿದು, ಮಳೆಯೊಳಗೆ ಗುಡ್ಡದ ಹಾದಿ ಹಿಡಿದಳು. ಕತ್ತಲಲ್ಲಿ ಕಾಲು ಜಾರಿ ಟೊಂಕದ ಎಲುಬು ಮುರಿಯಿತು. ಆಣೆಕಟ್ಟು ಒಡೆದಿರಲಿಲ್ಲ. ಚಿತ್ರವು ನಿಜವಾದದ್ದೇ, ಬಾಗಿಲು ತೆರೆದು ನೀರು ಬಿಟ್ಟ ಚಿತ್ರಕ್ಕೆ ಯಾರೋ ಆ ಎರಡು ಸಾಲು ಜೋಡಿಸಿದ್ದರು.

ಅಳಿಯನನ್ನು ಕೇಳಿದೆವು. ಅವನಿಗೆ ಗೆಳೆಯನು ಕಳಿಸಿದ್ದನು. ಗೆಳೆಯನಿಗೆ ಯಾವದೋ ಗುಂಪಿನಿಂದ ಬಂದಿತ್ತು. ಅಲ್ಲಿಂದಾಚೆಗೆ ಹೆಸರೇ ಇಲ್ಲ. ಎಲ್ಲರೂ ಒಬ್ಬರಿಗೊಬ್ಬರು ಆಪ್ತರೇ. ಸಂಗತಿಯನ್ನು ಬಲ್ಲ ಆಪ್ತನು ಮಾತ್ರ ಒಬ್ಬನೂ ಇರಲಿಲ್ಲ. ಬರೆಯುವವನು, ಸಂಪಾದಕ, ಮೊಳೆ ಜೋಡಿಸುವವನು, ಅಂಚೆಯವನು, ಈ ನಾಲ್ವರ ಉದ್ಯೋಗವನ್ನೂ ಯಂತ್ರವು ನಮ್ಮೊಬ್ಬರ ಹೆಬ್ಬೆರಳಿಗೆ ಒಪ್ಪಿಸಿತ್ತು. ಅದರಲ್ಲಿ ಅಂಚೆಯವನ ಕೆಲಸವೊಂದನ್ನೇ ನಾವು ಮಾಡಿದೆವು. ಲಗ್ನಪತ್ರಿಕೆಯ ವಾರಕ್ಕಾಗಿ ಮನೆಯವರೆಗೆ ನಡೆದು ಬಂದ ಆ ಮುದುಕನ ನೆನಪು ಆಗ ಬಂದಿತು. ನಾವು ಅಳಿಯನಿಗೆ ಒಂದು ಕರೆ ಮಾಡಿ ನೀನು ಕಣ್ಣಾರೆ ಕಂಡೆಯಾ ಎಂದು ಕೇಳಿದ್ದರೆ ಸಾಕಾಗಿತ್ತು. ಅರ್ಧ ನಿಮಿಷದ ಕೆಲಸ.

ಅಕ್ಕನು ಮೂರು ತಿಂಗಳು ಹಾಸಿಗೆ ಹಿಡಿದಳು. ನೋಡಹೋದಾಗ ಬೈಯಲಿಲ್ಲ. “ಬ್ಯಾರೆಯವರು ಬರದಿದ್ರ ಹೊಸ್ತಲಾ ದಾಟತಿದ್ದಿಲ್ಲೋ ತಮ್ಮಾ. ನೀ ಬರದೀ ಅಂದಮ್ಯಾಲೆ ಖರೇನ ಇರಬೇಕಂತ ನಡದೆ” ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಈಗಲೂ ಅವಳು ಕೋಲೂರಿ ನಡೆಯುತ್ತಾಳೆ. ಕಳೆದ ಮಳೆಗಾಲದಲ್ಲಿ ಹೊಳೆ ಏರುತ್ತಿದೆಯೆಂದು ಯಾರೋ ಹೇಳಲು, ಮನಸ್ಸು ತಡೆಯದೆ ಅವಳಿಗೆ ಕರೆ ಮಾಡಿದೆವು. ಮಾತು ಮುಗಿಯುವವರೆಗೂ ಕೇಳಿದಳು.

“ನೀ ನೋಡಿಬಂದಿಯೇನು?”

“ಇಲ್ಲ ಅಕ್ಕಾ, ಅಂತಾರ.”

“ಹಂಗಾರ ಮೊದಲ ದಂಡಿಗೆ ಹೋಗಿ ನೋಡಿಬಾ, ಆಮ್ಯಾಲೆ ಹೇಳು” ಎಂದು ಫೋನು ಇಟ್ಟಳು. ನಾವು ಕೊಡೆ ಹಿಡಿದು ಹೊಳೆಯ ಕಡೆಗೆ ಹೊರಟೆವು.