ಕಲ್ಯಾಣದ ಎರೆಮಣ್ಣು, ಹಿಂಚಕ್ರದ ಬೀಗ

ಪುಣೆಯಿಂದ ಹೊರಟು ಸೊಲ್ಲಾಪುರ, ಹೈದರಾಬಾದುಗಳನ್ನು ಹಾದು ಮಚಲೀಪಟ್ಟಣದ ಕಡಲಂಚಿಗೆ ಓಡುವ ಹೆದ್ದಾರಿ ನಡುವೆ ಸ್ವಲ್ಪ ಹೊತ್ತು ಬೀದರ ಜಿಲ್ಲೆಯ ಅತಿಥಿ. ಹಳೆಯ ಚಾಲಕರ ಬಾಯಲ್ಲಿ ಅದು ಇಂದಿಗೂ 'ನಂಬರ್ ಒಂಬತ್ತು'. ಸರಕಾರದ ಹೊಸ ಲೆಕ್ಕದಲ್ಲಿ 65. ಸಸ್ತಾಪುರ ಬಂಗ್ಲಾ ಕ್ರಾಸಿನಲ್ಲಿ ಬಸ್ಸಿಳಿದವರು ಒಳದಾರಿ ಹಿಡಿದು ಬಸವಕಲ್ಯಾಣ ಸೇರುತ್ತಾರೆ. ಇಳಿಯದೆ ಮುಂದೆ ಸಾಗಿದವರಿಗೆ ಹತ್ತಿರ ಹತ್ತಿರ 30 ಕಿ.ಮೀ. ದೂರದಲ್ಲಿ ಹುಮನಾಬಾದ್.

ಪ್ರವಾಸಕ್ಕೆ ಬಂದವರು ನೋಡುವುದು ಬಹುಮಟ್ಟಿಗೆ ಗೊತ್ತಿರುವುದನ್ನೇ. ಚಾಲುಕ್ಯರ ರಾಜಧಾನಿಯಾಗಿದ್ದ ಊರಿನ ಕೋಟೆ, ತ್ರಿಪುರಾಂತ ಕೆರೆ, ಅನುಭವ ಮಂಟಪ, 2012ರಲ್ಲಿ ಅನಾವರಣಗೊಂಡ 108 ಅಡಿ ಎತ್ತರದ ಬಸವಣ್ಣನ ಮೂರ್ತಿ. ಹುಮನಾಬಾದ್ ಕಡೆಗೆ ಹೋದರೆ ವೀರಭದ್ರೇಶ್ವರ ಗುಡಿ, ಮಾಣಿಕನಗರದ ಮಾಣಿಕಪ್ರಭು ಸಂಸ್ಥಾನ, ಜಲಸಂಗ್ವಿಯ ಶಿಲಾಬಾಲಿಕೆಯರು. ಶಾಲೆಯ ಮಕ್ಕಳನ್ನು ತುಂಬಿಕೊಂಡ ಬಸ್ಸುಗಳು ಇವನ್ನೆಲ್ಲ ಒಂದೇ ದಿನದಲ್ಲಿ ಮುಗಿಸಿ ಸಂಜೆಗೆ ಬೀದರಿಗೆ ಮರಳುತ್ತವೆ. ಆದರೆ ಬಸ್ಸಿನ ಟಯರು ಪಂಕ್ಚರ್ ಆಗಿ ಹೆದ್ದಾರಿ ಬದಿಯ ಗ್ಯಾರೇಜಿನ ಮುಂದೆ ಅರ್ಧ ತಾಸು ನಿಲ್ಲಬೇಕಾಗಿ ಬಂದರೆ, ಆ ಅರ್ಧ ತಾಸೂ ವ್ಯರ್ಥವಲ್ಲ.

ಈ ಕ್ರಾಸುಗಳ ಗ್ಯಾರೇಜುಗಳಲ್ಲಿ ಲಾರಿ, ಟ್ರ್ಯಾಕ್ಟರು, ಪಿಕಪ್ ಗಾಡಿಗಳು ಹೊಟ್ಟೆ ತೆರೆದು ನಿಂತಿರುತ್ತವೆ. ಮಿಸ್ತ್ರಿಗೆ ಇಲ್ಲಿ ಗೌರವದ ಹೆಸರು 'ಉಸ್ತಾದ'. ಅವನ ಕೈಕೆಳಗೆ ಸ್ಪ್ಯಾನರು ಎತ್ತಿಕೊಡುವ ಹುಡುಗರು. ಹಿಂದಿನ ಎರಡು ಚಕ್ರಗಳ ನಡುವೆ ಕುಂಬಳಕಾಯಿಯ ಹಾಗೆ ಉಬ್ಬಿದ ಕಬ್ಬಿಣದ ಗೋಳವೊಂದು ಕಾಣುತ್ತದಲ್ಲ, ಈ ಬರಹ ಅದರ ಒಳಗಿನ ಸಂಗತಿಯನ್ನು ಕುರಿತದ್ದು. ಅದೇ ಡಿಫರೆನ್ಷಿಯಲ್.

ಅದು ಏಕೆ ಬೇಕು ಎಂಬುದಕ್ಕೆ ಈ ಸೀಮೆಯ ಎತ್ತಿನ ಬಂಡಿಯೇ ಒಳ್ಳೆಯ ಪಾಠ. ಬಂಡಿಯ ಅಚ್ಚು ತಿರುಗುವುದಿಲ್ಲ. ಎರಡು ಗಾಲಿಗಳೂ ಅದರ ತುದಿಯಲ್ಲಿ ತಮ್ಮ ಪಾಡಿಗೆ ತಾವು ಉರುಳುತ್ತವೆ. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ದೂರ ಹೋಗುತ್ತದೆ, ಒಳಗಿನದು ಕಡಿಮೆ. ಯಾರಿಗೂ ಜಗಳವಿಲ್ಲ. ಎರಡು ಗಾಲಿಗಳ ನಡುವಿನ ಅಂತರ ಒಂದೂವರೆ ಮೀಟರ್ ಎಂದಿಟ್ಟುಕೊಂಡರೆ, ಬಂಡಿ ಒಂದು ಪೂರ್ತಿ ಸುತ್ತು ಹಾಕಿದಾಗ ಹೊರಗಾಲಿ ಒಳಗಾಲಿಗಿಂತ ಸುಮಾರು 9.4 ಮೀಟರ್ ಹೆಚ್ಚು ಉರುಳಿರುತ್ತದೆ. ಸುತ್ತು ಸಣ್ಣದಿರಲಿ, ಊರಗಲವಿರಲಿ, ಈ ವ್ಯತ್ಯಾಸ ಬದಲಾಗುವುದಿಲ್ಲ. ಹತ್ತನೆಯ ತರಗತಿಯ ಹುಡುಗಿ ಇದನ್ನು ಕಾಗದದ ಮೇಲೆ ಎರಡು ನಿಮಿಷದಲ್ಲಿ ಸಿದ್ಧ ಮಾಡಿಯಾಳು.

ಬಂಡಿಯನ್ನು ಎಳೆಯುವುದು ಎತ್ತು. ಗಾಲಿಯ ಕೆಲಸ ಉರುಳುವುದಷ್ಟೆ. ಮೋಟಾರು ಗಾಡಿಯಲ್ಲಿ ಹಾಗಲ್ಲ, ಚಕ್ರವೇ ಗಾಡಿಯನ್ನು ತಳ್ಳಬೇಕು. ಎರಡು ಚಕ್ರಗಳನ್ನೂ ಒಂದೇ ಗಟ್ಟಿ ಅಚ್ಚಿಗೆ ಜಡಿದರೆ ತಿರುವಿನಲ್ಲಿ ಒಂದು ಚಕ್ರ ರಸ್ತೆಯನ್ನು ಕೆರೆಯಲೇಬೇಕಾಗುತ್ತದೆ. ಇದಕ್ಕೆ 1827ರಲ್ಲಿ ಫ್ರಾನ್ಸಿನ ಒನೆಸಿಫೋರ್ ಪೆಕೂರ್ ಎಂಬಾತ ಉಗಿಗಾಡಿಗಾಗಿ ಹಲ್ಲುಚಕ್ರಗಳ ಜೋಡಣೆಯೊಂದನ್ನು ಹೂಡಿದ. ಎಂಜಿನ್ನಿನ ಬಲ ಎರಡು ಬದಿಗೂ ಹೋಗಬೇಕು, ಆದರೆ ಎರಡೂ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವಿರಬೇಕು. ಗ್ಯಾರೇಜಿನಲ್ಲಿ ಗಾಡಿಯ ಹಿಂಭಾಗವನ್ನು ಸ್ಟ್ಯಾಂಡಿನ ಮೇಲೆ ಭದ್ರವಾಗಿ ಎತ್ತಿ, ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಎಂಜಿನ್ ಆರಿಸಿ ಗೇರಿನಲ್ಲಿ ಬಿಟ್ಟಿದ್ದಾಗ ಒಂದು ಹಿಂಚಕ್ರವನ್ನು ಕೈಯಿಂದ ಮುಂದಕ್ಕೆ ತಿರುಗಿಸಿದರೆ ಇನ್ನೊಂದು ಹಿಂದಕ್ಕೆ ತಿರುಗುತ್ತದೆ! ಮೊದಲ ಸಲ ನೋಡಿದ ಹುಡುಗರು ಬೆರಗಾಗದೆ ಇರುವುದಿಲ್ಲ. ಉಸ್ತಾದನಿಲ್ಲದೆ ಈ ಪ್ರಯೋಗಕ್ಕೆ ಕೈಹಾಕಬಾರದು ಎಂಬುದನ್ನು ಪಾಲಕರಿಗೆ ಬೇರೆ ಹೇಳಬೇಕಾಗಿಲ್ಲ.

ಒಳ್ಳೆಯ ರಸ್ತೆಯಲ್ಲಿ ಈ ಗೋಳದಷ್ಟು ಸಂಭಾವಿತ ಯಂತ್ರ ಇನ್ನೊಂದಿಲ್ಲ. ಅದರ ದೌರ್ಬಲ್ಯ ಕಾಣುವುದು ಹೆದ್ದಾರಿ ಬಿಟ್ಟು ಹೊಲದ ದಾರಿಗೆ ಇಳಿದಾಗ. ಕಲ್ಯಾಣದ ಸುತ್ತಲಿನದು ಎರೆಭೂಮಿ. ತೊಗರಿ, ಸೋಯಾ, ಕಬ್ಬು ಬೆಳೆಯುವ ನೆಲ. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು, ಶ್ರಾವಣದಲ್ಲಿ ಬೆಣ್ಣೆಯಂಥ ಕೆಸರು. ಇಂಥಲ್ಲಿ ಪಿಕಪ್ಪಿನ ಎಡ ಹಿಂಚಕ್ರ ಗಟ್ಟಿ ಬದುವಿನ ಮೇಲೂ ಬಲಚಕ್ರ ಕೆಸರಿನಲ್ಲೂ ಇದ್ದರೆ ಏನಾಗುತ್ತದೆ? ಡಿಫರೆನ್ಷಿಯಲ್ಲಿನ ನಿಯಮ ಇಬ್ಬರಿಗೂ ಸಮಪಾಲು. ಕೆಸರಿನ ಚಕ್ರಕ್ಕೆ ಹಿಡಿತವೇ ಇಲ್ಲದ್ದರಿಂದ ಅದು ಕೊಂಚ ಬಲಕ್ಕೇ ಗಿರಗಿರನೆ ಸುತ್ತುತ್ತದೆ. ಗಟ್ಟಿ ನೆಲದ ಚಕ್ರಕ್ಕೂ ಸಿಗುವುದು ಅಷ್ಟೇ ಕೊಂಚ ಬಲ. ಅದು ಕದಲುವುದಿಲ್ಲ. ಎಕ್ಸಲರೇಟರ್ ಒತ್ತಿದಷ್ಟೂ ಗುಂಡಿ ಆಳವಾಗುತ್ತದೆ. ಈ ಭಾಗದಲ್ಲಿ ಓಡಾಡುವ ಪಿಕಪ್‌ಗಳಲ್ಲಿ ಹೆಚ್ಚಿನವುಗಳ ಪಾಡು ಇದೇ. ಗೋಣಿಚೀಲ, ಕಲ್ಲು, ತೊಗರಿಕಟ್ಟಿಗೆ ಏನು ಸಿಕ್ಕಿತೋ ಅದನ್ನು ಚಕ್ರದಡಿ ತುರುಕಿ ನಾಲ್ಕು ಮಂದಿ ತಳ್ಳಬೇಕು.

ಟ್ರ್ಯಾಕ್ಟರಿಗೆ ಮಾತ್ರ ಈ ಸಂಕಟಕ್ಕೆ ಮದ್ದಿದೆ. ಚಾಲಕನ ಹಿಮ್ಮಡಿಯ ಬಳಿ, ಹೆಚ್ಚಾಗಿ ಬಲಗಡೆ, ಸಣ್ಣದೊಂದು ಪೆಡಲು. ಅದನ್ನು ಒತ್ತಿದರೆ ಗೋಳದೊಳಗಿನ ಹಲ್ಲುಗಳು ಕಚ್ಚಿಕೊಂಡು ಎರಡು ಚಕ್ರಗಳೂ ಒಂದೇ ಅಚ್ಚಿಗೆ ಜಡಿದಂತೆ ಒಟ್ಟಿಗೆ ತಿರುಗುತ್ತವೆ. ಕೆಸರಿನ ಚಕ್ರ ಸುಮ್ಮನೆ ಸುತ್ತುವಂತಿಲ್ಲ. ಗಟ್ಟಿ ನೆಲದ ಚಕ್ರ ಟ್ರಾಲಿಯನ್ನು ದೂಡಿಕೊಂಡು ಮೇಲೆ ತರುತ್ತದೆ. ಕಬ್ಬಿನ ಹಂಗಾಮಿನಲ್ಲಿ ತುಂಬಿದ ಟ್ರಾಲಿಗಳು ಹೊಲದಿಂದ ಹೊರಬೀಳುವುದನ್ನು ನಿಂತು ನೋಡಿದವರಿಗೆ ಈ ಪೆಡಲಿನ ಬೆಲೆ ಗೊತ್ತು.

ಆ ಪೆಡಲಿಗೊಂದು ಸ್ಪ್ರಿಂಗು ಇದೆ. ಕಾಲು ಒತ್ತಿದಷ್ಟು ಹೊತ್ತು ಬೀಗ. ಕಾಲು ತೆಗೆದರೆ ಬೀಗ ಬಿಡುತ್ತದೆ. ಭಾರ ಬಿದ್ದು ಹಲ್ಲುಗಳು ಕಚ್ಚಿಕೊಂಡೇ ಉಳಿದರೆ ಕ್ಲಚ್ ಒತ್ತಿ ಬಲ ಸಡಿಲಿಸಿದ ಮೇಲೆ ಬಿಡುತ್ತದೆ. 'ತಿರುವು ಬಂತು, ಕಾಲ್ ತೆಗಿ ತಮ್ಮಾ' ಎಂದು ಹಿರಿಯರು ಹೊಸ ಚಾಲಕನಿಗೆ ಕೂಗಿ ಹೇಳುವುದು ಇದಕ್ಕೇ. ಬೀಗ ಹಾಕಿ ತಿರುಗಿಸಿದರೆ ಟ್ರ್ಯಾಕ್ಟರು ಸ್ಟೀರಿಂಗಿನ ಮಾತು ಕೇಳದೆ ನೇರ ಹೋಗಲು ಹಟ ಮಾಡುತ್ತದೆ. ಒಳಗೆ ಅಚ್ಚೋ ಹಲ್ಲೋ ಮುರಿಯುವುದೂ ಉಂಟು. ಮರೆಗುಳಿ ಚಾಲಕನನ್ನು ಸ್ಪ್ರಿಂಗೇ ಕಾಯುತ್ತದೆ, ಏಕೆಂದರೆ ಕಾಲು ದಣಿಯುತ್ತದೆ.

ಪಿಕಪ್ಪಿಗೆ ಇದೇ ಬೀಗ ಬಂದದ್ದು ಸ್ವಿಚ್ಚಿನ ರೂಪದಲ್ಲಿ. ಬೆಂಗಳೂರಿನ ಬಳಿಯ ಬಿಡದಿಯಲ್ಲಿ ಜೋಡಿಸಿ 2022ರಲ್ಲಿ ಮಾರುಕಟ್ಟೆಗೆ ಬಿಟ್ಟ ಟೊಯೊಟಾ ಹೈಲಕ್ಸ್ ಪಿಕಪ್‌ನಲ್ಲಿ ಹಿಂದಿನ ಡಿಫರೆನ್ಷಿಯಲ್ಲಿಗೆ ವಿದ್ಯುತ್ ಬೀಗವಿದೆ. ಚಾಲಕ ಬೆರಳಿನಿಂದ ಒತ್ತಿದರೆ ಗೋಳದ ಪಕ್ಕದ ಸಣ್ಣ ಮೋಟಾರು ಕವಲುಕಡ್ಡಿಯೊಂದನ್ನು ಸರಿಸುತ್ತದೆ, ಹಲ್ಲು ಕಚ್ಚುತ್ತದೆ, ಮುಂದಿನ ದೀಪ ಹೊತ್ತುತ್ತದೆ. ಹಲ್ಲು ಇನ್ನೂ ಕೂಡಿಲ್ಲದಿದ್ದರೆ ದೀಪ ಮಿನುಗುತ್ತಲೇ ಇರುತ್ತದೆ. ಹುಮನಾಬಾದಿನಿಂದ ಪೂರ್ವಕ್ಕೆ ಒಂದು ಗಂಟೆಯ ಹಾದಿಯ ಜಹೀರಾಬಾದಿನಲ್ಲಿ ಕಾರ್ಖಾನೆಯಿರುವ ಮಹೀಂದ್ರಾ ಕಂಪನಿಯು 2020ರ ಥಾರ್ ಗಾಡಿಗೆ ಬೇರೆಯದೇ ಉಪಾಯ ಹಿಡಿಯಿತು. ಅಲ್ಲಿನ ಬೀಗಕ್ಕೆ ಸ್ವಿಚ್ಚೇ ಇಲ್ಲ. ಒಂದು ಚಕ್ರ ಇನ್ನೊಂದಕ್ಕಿಂತ ತೀರ ಜೋರಾಗಿ ಸುತ್ತತೊಡಗಿದರೆ ಒಳಗಿನ ಯಂತ್ರವೇ ಕಚ್ಚಿಕೊಳ್ಳುತ್ತದೆ, ಗಾಡಿ ವೇಗವಾಗಿ ಓಡುತ್ತಿದ್ದರೆ ಕಚ್ಚುವುದಿಲ್ಲ.

ಸ್ವಿಚ್ಚು ಕಾಲಿನಂತೆ ದಣಿಯುವುದಿಲ್ಲ. ಒಮ್ಮೆ ಒತ್ತಿ ಮರೆತರೆ ಬೀಗ ಹಾಕಿಯೇ ಇರುತ್ತದೆ. ಈ ಕಾರಣದಿಂದಲೇ ತಯಾರಕರು ಸ್ವಿಚ್ಚಿಗೂ ಮೋಟಾರಿಗೂ ನಡುವೆ ಒಂದು ಎಲೆಕ್ಟ್ರಾನಿಕ್ ಪೆಟ್ಟಿಗೆ ಇಟ್ಟು ಷರತ್ತು ಹಾಕುತ್ತಾರೆ. ವೇಗ ಗಂಟೆಗೆ 8 ಕಿ.ಮೀ. ಮೀರಿರಬಾರದು ಎಂಬುದು ಟೊಯೊಟಾ ಗಾಡಿಗಳಲ್ಲಿ ಪರಿಚಿತ ಷರತ್ತು. ಅಮೆರಿಕದ ಟಕೋಮಾ ಪಿಕಪ್‌ನ ಹಳೆಯ ನಾಲ್ಕು ಚಕ್ರದ ಮಾದರಿಗಳಲ್ಲಿ ಇನ್ನೂ ಒಂದು ಷರತ್ತಿತ್ತು: ಗಾಡಿ ಕಡಿಮೆ ಗೇರಿನ ನಾಲ್ಕು ಚಕ್ರದ ಓಟದಲ್ಲಿದ್ದರೆ ಮಾತ್ರ ಬೀಗ. ಇದು ಅಲ್ಲಿನ ಮಾಲೀಕರಿಗೆ ರುಚಿಸಲಿಲ್ಲ. ಮರಳಿನಲ್ಲಿ, ಹಿಮದಲ್ಲಿ ಅಷ್ಟು ಕಡಿಮೆ ಗೇರು ಬೇಡ, ಬೀಗವಷ್ಟೇ ಸಾಕು ಎಂಬುದು ಅವರ ವಾದ. ಅದರಲ್ಲಿ ಹುರುಳಿಲ್ಲ ಎನ್ನಲಾಗದು. ಪೆಟ್ಟಿಗೆಗೆ ಹೋಗುವ ಒಂದು ತಂತಿಯನ್ನು ಅರ್ಥಿಂಗಿಗೆ ಸೇರಿಸಿದರೆ 'ಕಡಿಮೆ ಗೇರಿನಲ್ಲಿದ್ದೇನೆ' ಎಂದು ಗಾಡಿ ತನಗೆ ತಾನೇ ಸುಳ್ಳು ಹೇಳಿಕೊಳ್ಳುತ್ತದೆ. ಖರ್ಚು ಕೈಯಗಲದ ತಂತಿ, ಒಂದು ಸ್ವಿಚ್ಚು.

ಹೆದ್ದಾರಿಯ ಗ್ಯಾರೇಜಿನಲ್ಲಿ ಟೆಸ್ಟ್ ಲ್ಯಾಂಪು ಹಿಡಿದು ತಂತಿ ಹುಡುಕುವ ಹುಡುಗನಿಗೆ ಇದು ಹತ್ತು ನಿಮಿಷದ ಕೆಲಸ. ಕಷ್ಟವಿರುವುದು ತಂತಿ ಕತ್ತರಿಸುವುದರಲ್ಲಲ್ಲ, ಅದು ಏನು ಕಾಯುತ್ತಿತ್ತು ಎಂದು ತಿಳಿಯುವುದರಲ್ಲಿ. ಬೀಗ ಬಿದ್ದಾಗ ಎರಡು ಹಿಂಚಕ್ರಗಳೂ ಒಂದೇ ವೇಗದಲ್ಲಿ ತಿರುಗುವುದರಿಂದ, ಪ್ರತಿ ಚಕ್ರದ ವೇಗವನ್ನು ಬೇರೆಬೇರೆಯಾಗಿ ಅಳೆದು ಬ್ರೇಕನ್ನು ಹದವಾಗಿ ಹಿಡಿದು ಬಿಡುವ ಎ.ಬಿ.ಎಸ್. ವ್ಯವಸ್ಥೆಯ ಲೆಕ್ಕ ತಪ್ಪುತ್ತದೆ; ಟೊಯೊಟಾದಂಥ ಗಾಡಿಗಳಲ್ಲಿ ಬೀಗ ಹಾಕಿದ ಹೊತ್ತು ಅದು ಕೆಲಸ ಮಾಡುವುದೇ ಇಲ್ಲ. ಹೊಲದಲ್ಲಿ ಹಾಕಿದ ಬೀಗವನ್ನು ಮರೆತು ಸಸ್ತಾಪುರ ಬಂಗ್ಲಾದ ಬಳಿ ಹೆದ್ದಾರಿಗೆ ಏರಿ, ಮಳೆ ನಿಂತ ಹಸಿ ಡಾಂಬರಿನ ಮೇಲೆ 60ರ ವೇಗದಲ್ಲಿ ತಿರುವು ತೆಗೆದುಕೊಂಡರೆ ಗಾಡಿ ಎತ್ತ ಹೋದೀತು? ಎದುರಿಗೆ ಹೈದರಾಬಾದಿನ ಲಾರಿಗಳ ಸಾಲು ಇರುತ್ತದೆ ಎಂಬುದನ್ನು ನೆನೆದರೆ ಸಾಕು.

ಬದಲಾವಣೆ ಮಾಡಲೇಬೇಕಿದ್ದರೆ ಬಲ್ಲ ಉಸ್ತಾದರು ಒಂದನ್ನು ಬಿಟ್ಟುಕೊಡುವುದಿಲ್ಲ: ವೇಗದ ಷರತ್ತು. ಗೇರಿನ ಷರತ್ತು ಅನುಕೂಲದ್ದು, ವೇಗದ್ದು ಪ್ರಾಣದ್ದು. ದೀಪದ ತಂತಿಯನ್ನು ಸ್ವಿಚ್ಚಿನಿಂದ ಎಳೆಯದೆ ಗೋಳದ ಮೇಲಿರುವ, ಹಲ್ಲು ಕಚ್ಚಿದೆಯೇ ಎಂದು ನಿಜವಾಗಿ ಹೇಳುವ ಸ್ವಿಚ್ಚಿನಿಂದಲೇ ತರಬೇಕು. ಇಲ್ಲವಾದರೆ ದೀಪ ಆರಿದ್ದರೂ ಬೀಗ ಉಳಿದಿರಬಹುದು. ಮೋಟಾರಿನ ಕರೆಂಟು ಸಣ್ಣ ಸ್ವಿಚ್ಚಿನ ಮೂಲಕ ಹರಿಯದೆ ರಿಲೇ ಮೂಲಕ ಹರಿಯಬೇಕು, ಬ್ಯಾಟರಿಯ ಬಳಿ ಫ್ಯೂಸು ಇರಬೇಕು. ಗಾಡಿಯಡಿಯ ಪ್ರತಿ ಕೂಡಿಕೆಗೂ ನೀರು ನುಗ್ಗದ ಮುಚ್ಚಳ ಬೇಕು. ಕೇವಲ ಟೇಪು ಸುತ್ತಿದ್ದು ಎರಡನೆಯ ಮಳೆಗಾಲ ಕಾಣುವುದಿಲ್ಲ. ವಾರಂಟಿ, ವಿಮೆಯವರು ಪ್ರಶ್ನೆ ಎತ್ತಿದಾಗ ಉತ್ತರಿಸಬೇಕಾದವನು ಮಾಲೀಕ. ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಹೇಳಿದ್ದಕ್ಕಿಂತ ಭಿನ್ನವಾಗುವಂತೆ ಗಾಡಿಯನ್ನು ಮಾರ್ಪಡಿಸಬಾರದು ಎಂಬುದು ಮೋಟಾರು ವಾಹನ ಕಾಯಿದೆಯ 52ನೆಯ ಕಲಮು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಇನ್ನಷ್ಟು ಬಿಗಿಯಾಗಿ ಓದಿತು. ತಂತಿಯೊಂದು ನೋಂದಣಿ ಪತ್ರದಲ್ಲಿ ಕಾಣುವುದಿಲ್ಲ ನಿಜ, ಅಪಘಾತವಾದರೆ ಕಾಣುತ್ತದೆ.

ಬೀದರಿನಲ್ಲಿ, ಭಾಲ್ಕಿಯಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿವೆ. ಅಲ್ಲಿ ಓದುವ ಮಕ್ಕಳು ಡಿಫರೆನ್ಷಿಯಲ್ಲಿನ ಚಿತ್ರವನ್ನು ಚೆನ್ನಾಗಿ ಬರೆಯುತ್ತಾರೆ. ಎಣ್ಣೆ ಮೆತ್ತಿದ ಗೋಳವನ್ನು ಬಿಚ್ಚಿ ನೋಡಿದವರು ಕಡಿಮೆ. ಗ್ಯಾರೇಜಿನ ಹುಡುಗನದು ಇದಕ್ಕೆ ಉಲ್ಟಾ: ನೂರು ಗೋಳ ಬಿಚ್ಚಿದ್ದಾನೆ, 9.4 ಮೀಟರಿನ ಲೆಕ್ಕವನ್ನು ಯಾರೂ ಅವನಿಗೆ ಹೇಳಿಲ್ಲ. ಇವರಿಬ್ಬರ ನಡುವಿನ ದೂರ ಒಂದು ರಜೆಯ ದಿನದ ಬಸ್ ಪ್ರಯಾಣದಷ್ಟೇ.

ಹುಮನಾಬಾದ್ ಹತ್ತಿರವಾದಂತೆ ಎರೆಯ ನಡುವೆ ಕೆಂಪು ಮಣ್ಣು ಅಲ್ಲಲ್ಲಿ ಇಣುಕತೊಡಗುತ್ತದೆ. ಸಂಜೆಯ ಹೊತ್ತಿಗೆ ಕಬ್ಬಿನ ಟ್ರ್ಯಾಕ್ಟರೊಂದು ಹೊಲದ ಹಾದಿಯಿಂದ ಮೈಯೆಲ್ಲ ಕೆಸರಾಗಿ ಮೇಲೇರಿ ಬರುತ್ತದೆ. ಚಕ್ರಗಳು ಡಾಂಬರು ಮುಟ್ಟುವ ಒಂದು ಗಳಿಗೆ ಮೊದಲು ಚಾಲಕನ ಹಿಮ್ಮಡಿ ತಾನಾಗಿ ಮೇಲೇಳುತ್ತದೆ, ಪೆಡಲು ಟಪ್ಪೆಂದು ಹಿಂದಕ್ಕೆ ಬರುತ್ತದೆ. ಆಮೇಲೆ ಅವನು ಸ್ಟೀರಿಂಗ್ ತಿರುಗಿಸುತ್ತಾನೆ.